ಎಲೆಕ್ಟ್ರಾನಿಕ್ ಕಾಟಾ: ಅಂಕಿ ತೋರಿದ ಮಾತ್ರಕ್ಕೆ ತೂಕ ಸರಿಯೇ?

ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲೂಕುಗಳ ಪೇಟೆಗಳಲ್ಲಿ ದಂಡಿಗೆಯ ತಕ್ಕಡಿ ಇಂದು ಕಾಣಸಿಗುವುದು ಅಪರೂಪ. ಗೋಕಾಕದ ಕರದಂಟಿನ ಅಂಗಡಿಯಿಂದ ಮೂಡಲಗಿಯ ಬೆಲ್ಲದ ವಖಾರಿಯವರೆಗೆ, ಸಂಕೇಶ್ವರದ ಮೆಣಸಿನಕಾಯಿ ವ್ಯಾಪಾರದಿಂದ ಸಕ್ಕರೆ ಕಾರ್ಖಾನೆಯ ಅಂಗಳದವರೆಗೆ ಎಲ್ಲೆಡೆ ಎಲೆಕ್ಟ್ರಾನಿಕ್ ಕಾಟಾಗಳೇ ನೆಲೆಯೂರಿವೆ. ಕೆಂಪು ಅಂಕಿಗಳು ಮೂಡಿದೊಡನೆ ಕೊಡುವವನೂ ಕೊಳ್ಳುವವನೂ ಮರುಮಾತಿಲ್ಲದೆ ಒಪ್ಪುತ್ತಾರೆ. ಈ ಒಪ್ಪಿಗೆಯೇ ವ್ಯಾಪಾರದ ಅಡಿಗಲ್ಲು. ಆದರೆ ಆ ಅಂಕಿಯನ್ನು ನಾವು ಎಂದಾದರೂ ಪರೀಕ್ಷಿಸಿದ್ದೇವೆಯೇ ಎಂಬ ಪ್ರಶ್ನೆಯನ್ನು ವರ್ತಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ಒಂದು ವಖಾರಿಯ ಪ್ರಸಂಗ

ಕೆಲವು ವರ್ಷಗಳ ಹಿಂದೆ ನಾನು ಲೆಕ್ಕ ತಪಾಸಣೆ ಮಾಡುತ್ತಿದ್ದ ಒಂದು ಬೆಲ್ಲದ ವಖಾರಿಯಲ್ಲಿ ವರ್ಷಾಂತ್ಯದ ದಾಸ್ತಾನು ಪುಸ್ತಕಕ್ಕಿಂತ ಸುಮಾರು 9 ಕ್ವಿಂಟಾಲ್ ಕಡಿಮೆ ಬಂದಿತು. ಬೆಲ್ಲ ಒಣಗಿ ತೂಕ ಇಳಿಯುವುದಕ್ಕೆ ರೂಢಿಯಂತೆ ಬಿಡಬೇಕಾದುದನ್ನು ಬಿಟ್ಟ ನಂತರದ ಕೊರತೆಯಿದು. ಖರೀದಿಯ ತೂಕ ಮಾರುಕಟ್ಟೆಯ ಪ್ರಾಂಗಣದಲ್ಲಿ, ಮಾರಾಟದ ತೂಕ ವಖಾರಿಯ ಸ್ವಂತ ಕಾಟಾದಲ್ಲಿ ಆಗುತ್ತಿತ್ತು. ಗೋದಾಮಿನ ಬೀಗದ ಕೈ ಇಪ್ಪತ್ತು ವರ್ಷಗಳಿಂದ ದುಡಿಯುತ್ತಿದ್ದ ದಿವಾನಜಿಯವರ ಬಳಿ ಇದ್ದಿತು. ಸಹಜವಾಗಿಯೇ ಸಂಶಯ ಅವರತ್ತ ತಿರುಗಿತು. ನಾನೂ ನನ್ನ ಟಿಪ್ಪಣಿಯಲ್ಲಿ “ಕೊರತೆಗೆ ಹೊಣೆಗಾರರನ್ನು ಗುರುತಿಸುವುದು” ಎಂದು ಬರೆದಿದ್ದೆನು.

ದಿವಾನಜಿಯವರು ವಾದ ಮಾಡಲಿಲ್ಲ. “ಸಾವಕಾರ್ರ, ನನ್ನ ಲೆಕ್ಕಾ ತಪ್ಪಿಲ್ಲ. ಆ ಕಾಟಾನೂ ಒಮ್ಮೆ ತಪಾಸ ಮಾಡ್ಸರಿ” ಎಂದಷ್ಟೇ ಹೇಳಿ ಬೀಗದ ಕೈ ಇಟ್ಟು ಹೊರಟುಹೋದರು.

ಕಾಟಾದ ಮುದ್ರೆಯ ಅವಧಿ ಮುಗಿದಿರಲಿಲ್ಲ. ದಿನವೂ ಬೆಳಿಗ್ಗೆ 5 ಕಿಲೋ ಕಲ್ಲು ಇಟ್ಟು ನೋಡುವ ಪದ್ಧತಿಯೂ ಇದ್ದಿತು; ಅದು ಸರಿಯಾಗಿಯೇ ತೋರುತ್ತಿತ್ತು. ಆದರೂ ಮುದ್ರೆಯಾದ 20 ಕಿಲೋ ಕಲ್ಲುಗಳನ್ನು ಎರವಲು ತರಿಸಿ ಒಂದರ ಮೇಲೊಂದು ಇಟ್ಟು ನೋಡಲಾಯಿತು. 20ಕ್ಕೆ 20, 40ಕ್ಕೆ 40. ಮೂರನೆಯ ಕಲ್ಲಿಟ್ಟಾಗ ಬಂದ ಅಂಕಿ 59.700. ಹಲಗೆ ಎತ್ತಿ ನೋಡಿದರೆ, ಅತಿಭಾರವನ್ನು ತಡೆಯುವ ಬೋಲ್ಟಿನ ಸುತ್ತ ಬೆಲ್ಲದ ಪುಡಿ ಮತ್ತು ಪಾಕ ಸೇರಿ ಕಲ್ಲಿನಂತೆ ಗಟ್ಟಿಯಾಗಿತ್ತು. ಭಾರ ಹೆಚ್ಚಾದಾಗ ಹಲಗೆ ಅದಕ್ಕೆ ತಾಗಿ ಒಂದಿಷ್ಟು ತೂಕವನ್ನು ಅದೇ ಹೊತ್ತುಕೊಳ್ಳುತ್ತಿತ್ತು. 60 ಕಿಲೋಗೆ 300 ಗ್ರಾಂ ಎಂದರೆ ಶೇಕಡಾ ಅರ್ಧ. ಆ ಹಂಗಾಮಿನ ಮಾರಾಟ ಸುಮಾರು 1,800 ಕ್ವಿಂಟಾಲ್. ಕಾಣೆಯಾದ 9 ಕ್ವಿಂಟಾಲ್ ಬೆಲ್ಲ ಗಿರಾಕಿಗಳ ಗಾಡಿಯಲ್ಲಿ, ಬಿಲ್ಲಿಲ್ಲದೆ, ನಮ್ಮ ಕಣ್ಣೆದುರೇ ಹೋಗಿತ್ತು!

ಸಾವಕಾರರು ದಿವಾನಜಿಯವರ ಮನೆಗೆ ತಾವೇ ಹೋಗಿ ಅವರನ್ನು ಕರೆತಂದರು. ನಾನು ನನ್ನ ಟಿಪ್ಪಣಿಯನ್ನು ತಿದ್ದಿದೆನು. ಆದರೆ ನಡುವಿನ ಹದಿನೈದು ದಿನ ಆ ಮನೆಯವರು ಅನುಭವಿಸಿದ್ದನ್ನು ಯಾವ ಜಮಾಖರ್ಚೂ ಸರಿದೂಗಿಸಲಾರದು.

ಯಂತ್ರದ ಒಳಗುಟ್ಟು

ಕಾಟಾದ ಹಲಗೆಯ ಕೆಳಗೆ ಲೋಡ್ ಸೆಲ್ ಎಂಬ ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ಸೂಕ್ಷ್ಮ ತಂತಿಪಟ್ಟಿಗಳ ವಿದ್ಯುತ್ ರೋಧ ಅದರಿಂದ ಬದಲಾಗುತ್ತದೆ. ಆ ಬದಲಾವಣೆಯನ್ನೇ ಅಂಕಿಯಾಗಿ ತೋರಿಸಲಾಗುತ್ತದೆ. ಆದುದರಿಂದ ಲೋಡ್ ಸೆಲ್ಲಿಗೆ ಮುಟ್ಟದ ಭಾರವು ಅಂಕಿಯಲ್ಲಿ ಬರುವುದಿಲ್ಲ. ಹಲಗೆ ಗೋಡೆಗೆ ತಾಗಿದರೂ, ಚೀಲದ ತುದಿ ನೆಲಕ್ಕೆ ಊರಿದರೂ ತೂಕ ಕಡಿಮೆಯೇ ಬರುತ್ತದೆ.

ಇನ್ನೊಂದು ಸಂಗತಿ ಹಲವರಿಗೆ ತಿಳಿದಿರದು. ಭೂಮಿಯ ಸೆಳೆತ ಎಲ್ಲ ಊರುಗಳಲ್ಲಿ ಒಂದೇ ಅಲ್ಲ. ದೆಹಲಿಯಲ್ಲಿ ಹೊಂದಿಸಿದ ಕಾಟಾವನ್ನು ಮರುಹೊಂದಿಸದೆ ಗೋಕಾಕದಲ್ಲಿ ಬಳಸಿದರೆ 100 ಕಿಲೋಗೆ ಸುಮಾರು 90 ಗ್ರಾಂ ಕಡಿಮೆ ತೋರುವುದು. ಹೊಸ ಕಾಟಾವನ್ನು ಬಳಸುವ ಊರಿನಲ್ಲಿಯೇ ಹೊಂದಿಸಿ ಮುದ್ರೆ ಹಾಕಿಸಬೇಕೆಂಬುದಕ್ಕೆ ಇದೂ ಒಂದು ಕಾರಣ.

ಮುದ್ರೆಯ ಅರ್ಥವೇನು?

1 ಏಪ್ರಿಲ್ 2011ರಿಂದ ಜಾರಿಗೆ ಬಂದ ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009 ಮತ್ತು ಅದರ ನಿಯಮಗಳ ಪ್ರಕಾರ ಎಲೆಕ್ಟ್ರಾನಿಕ್ ಕಾಟಾಗಳಿಗೆ 12 ತಿಂಗಳಿಗೊಮ್ಮೆ, ತೂಕದ ಕಲ್ಲುಗಳಿಗೆ 24 ತಿಂಗಳಿಗೊಮ್ಮೆ ಸತ್ಯಾಪನೆ ಆಗತಕ್ಕದ್ದು. ಪೇಟೆಯಲ್ಲಿ ಸಾಮಾನ್ಯವಾಗಿರುವ, 300 ಕಿಲೋ ಸಾಮರ್ಥ್ಯದ ಹಾಗೂ 50 ಗ್ರಾಂ ಅಂತರದ ಕಾಟಾವನ್ನು ಉದಾಹರಣೆಗೆ ತೆಗೆದುಕೊಂಡರೆ, ಸತ್ಯಾಪನೆಯ ವೇಳೆ 25 ಕಿಲೋವರೆಗೆ 25 ಗ್ರಾಂ, 100 ಕಿಲೋವರೆಗೆ 50 ಗ್ರಾಂ, ಅದಕ್ಕೂ ಮೇಲೆ 75 ಗ್ರಾಂ ಹೆಚ್ಚುಕಡಿಮೆಗೆ ಅವಕಾಶವಿದೆ. ಬಳಕೆಯಲ್ಲಿರುವಾಗ ಇದರ ಎರಡರಷ್ಟು. ಮೇಲಿನ ಪ್ರಸಂಗದ 300 ಗ್ರಾಂ ಆ ಮಿತಿಯ ಮೂರು ಪಟ್ಟು.

ಮುದ್ರೆಯು ಆ ದಿನ ಕಾಟಾ ಸರಿಯಿತ್ತೆಂದು ಸಾರುತ್ತದೆ. ಉಳಿದ 364 ದಿನಗಳ ಹೊಣೆ ಮಾಲೀಕನದು.

ಎಲ್ಲೆಲ್ಲಿ ಕೆಡುತ್ತದೆ?

ನಮ್ಮ ಭಾಗದಲ್ಲಿ ಕಂಡುಬರುವ ಕಾರಣಗಳು ಸರಳವಾದವು. ಬೆಲ್ಲದ ಪಾಕ, ಅರಿಷಿಣ ಹಾಗೂ ಮೆಣಸಿನಕಾಯಿಯ ಧೂಳು ಹಲಗೆಯ ಅಡಿಗೆ ಸೇರುತ್ತವೆ. ಸಿಹಿಗೆ ಇರುವೆ, ಅದರ ಬೆನ್ನಿಗೆ ಇಲಿ ಬಂದು ವಾಯರ್ ಕಡಿಯುತ್ತವೆ. ಮಳೆಗಾಲದ ತೇವ ವಾಯರಿನ ಜೋಡಣೆಗಳಿಗೆ ಇಳಿದರೆ ಅಂಕಿ ನಿಲ್ಲದೆ ಓಲಾಡುತ್ತದೆ. ಹಮಾಲರು ಚೀಲವನ್ನು ಮೇಲಿಂದ ಎತ್ತಿಹಾಕಿದರೆ ಲೋಡ್ ಸೆಲ್ ಶಾಶ್ವತವಾಗಿ ಬಾಗಬಹುದು. ಕರದಂಟಿನಂತಹ ದುಬಾರಿ ಸರಕು ತೂಗುವ ಚಿಕ್ಕ ಕಾಟಾಗಳಿಗೆ ಮೇಲಿನ ಫ್ಯಾನಿನ ಗಾಳಿಯೂ ತೊಡಕೇ.

ವಿದ್ಯುತ್ತಿನದು ಬೇರೆ ಮಾತು. ಹುಕ್ಕೇರಿ ತಾಲೂಕಿಗೆ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ, ಗೋಕಾಕ ಮೂಡಲಗಿಗಳಿಗೆ ಹೆಸ್ಕಾಂ ವಿದ್ಯುತ್ ಪೂರೈಸುತ್ತವೆ. ಪೂರೈಸುವವರು ಯಾರೇ ಇರಲಿ, ವೆಲ್ಡಿಂಗ್ ಯಂತ್ರ ಅಥವಾ ಮೋಟಾರ್ ನಡೆಯುವ ಲೈನಿಗೇ ಕಾಟಾವನ್ನು ಜೋಡಿಸಬಾರದು, ಅರ್ಥಿಂಗ್ ಸರಿಯಿರಬೇಕು. ಬ್ಯಾಟರಿ ಹಳೆಯದಾದರೆ ಅಂಕಿ ಮಿನುಗುವುದು, ತಾನಾಗಿ ಸರಿಯುವುದು ಕಾಣುತ್ತದೆ. ಅಂಥ ವೇಳೆ ತೂಕ ಮಾಡದಿರುವುದೇ ಲೇಸು.

ಪಾಲಿಸಬೇಕಾದ ಕ್ರಮಗಳು

1. ಪ್ರತಿದಿನ ತೂಕಕ್ಕೆ ಮುನ್ನ ಕಾಟಾ ಸಮತಟ್ಟಾಗಿದೆಯೇ ಎಂದು ಗಾಳಿಗುಳ್ಳೆಯಿಂದ ನೋಡುವುದು. ಬರಿಯ ಹಲಗೆಗೆ ಸೊನ್ನೆ ಬರಬೇಕು.

2. ಮುದ್ರೆಯಾದ ಕಲ್ಲುಗಳನ್ನು ಇಟ್ಟುಕೊಂಡು, ತಾವು ನಿತ್ಯ ತೂಗುವ ಭಾರದಲ್ಲಿಯೇ ಪರೀಕ್ಷಿಸುವುದು. 60 ಕಿಲೋ ತೂಗುವವರು 5 ಕಿಲೋದಿಂದ ಪರೀಕ್ಷಿಸಿ ಫಲವಿಲ್ಲ.

3. ವಾರಕ್ಕೊಮ್ಮೆ ಒಂದೇ ಕಲ್ಲನ್ನು ನಾಲ್ಕೂ ಮೂಲೆಗಳಲ್ಲಿಟ್ಟು ನೋಡುವುದು. ಹಲಗೆ ಎತ್ತಿ ಒಣಬಟ್ಟೆಯಿಂದ ಶುಚಿಗೊಳಿಸುವುದು. ನೀರು ಸುರಿಯಬಾರದು.

4. ಸೀಲ್ ಒಡೆಯಬೇಕಾದ ರಿಪೇರಿಯನ್ನು ಪರವಾನಗಿ ಹೊಂದಿದ ರಿಪೇರಿದಾರರಿಂದಲೇ ಮಾಡಿಸಿ, ಮರುಮುದ್ರೆ ಹಾಕಿಸಿದ ಮೇಲೆಯೇ ಬಳಸುವುದು.

5. ಒಂದು ನೋಟುಬುಕ್ಕಿನಲ್ಲಿ ದಿನಾಂಕ, ಇಟ್ಟ ಕಲ್ಲು, ಬಂದ ಅಂಕಿ, ನೋಡಿದವರ ಸಹಿ ಬರೆದಿಡುವುದು. ಸತ್ಯಾಪನೆಯ ಪ್ರಮಾಣಪತ್ರ, ರಿಪೇರಿ ಬಿಲ್ಲುಗಳನ್ನು ಅದರೊಂದಿಗೇ ಇರಿಸುವುದು.

ಇದಕ್ಕಾಗುವ ಖರ್ಚನ್ನು ಅಳೆದು ನೋಡೋಣ. ದಿನಕ್ಕೆ 50 ಕ್ವಿಂಟಾಲ್ ತೂಗುವ ವಖಾರಿಯಲ್ಲಿ ಶೇಕಡಾ 0.2ರಷ್ಟು ತಪ್ಪಾದರೂ 10 ಕಿಲೋ ಹೋಯಿತು. ಕಿಲೋಗೆ 40 ರೂಪಾಯಿಯಂತೆ ದಿನಕ್ಕೆ 400, ನೂರು ದಿನಗಳ ಹಂಗಾಮಿಗೆ 40,000 ರೂಪಾಯಿ. ತಪ್ಪು ಎದುರು ದಿಕ್ಕಿನಲ್ಲಿದ್ದರೆ ಅಷ್ಟು ಹಣ ನಮ್ಮ ಗಿರಾಕಿಯದು. ಅದರೊಡನೆ ದಂಡ ಮತ್ತು ಅಪಕೀರ್ತಿ ನಮ್ಮವು. ನಿತ್ಯದ ತಪಾಸಣೆಗೆ ಬೇಕಾದುದು ಐದು ನಿಮಿಷ ಮಾತ್ರ.

ದಾಸ್ತಾನಿನಲ್ಲಿ ಕೊರತೆ ಬಂದಾಗ ನಾನು ಈಗ ಮೊದಲು ಕೇಳುವುದು ಆ ನೋಟುಬುಕ್ಕನ್ನು. ಮನುಷ್ಯರನ್ನು ಸಂಶಯಿಸುವ ಮುನ್ನ ಯಂತ್ರವನ್ನು ಪರೀಕ್ಷಿಸುವುದು ವ್ಯಾಪಾರದ ದೃಷ್ಟಿಯಿಂದಲೂ ಧರ್ಮದ ದೃಷ್ಟಿಯಿಂದಲೂ ಯೋಗ್ಯವಾದುದು. ವರ್ತಕ ಬಂಧುಗಳು ನಾಳೆ ಬೆಳಿಗ್ಗೆ ಅಂಗಡಿ ತೆರೆದೊಡನೆ ತಮ್ಮ ಕಾಟಾದ ಹಲಗೆಯನ್ನು ಒಮ್ಮೆ ಎತ್ತಿ ನೋಡುವರೆಂದು ಆಶಿಸುತ್ತೇನೆ.