ಮಕ್ಕಳ ವಾಕ್ಯಗಳಲ್ಲಿ ‘ಮತ್ತು’ಗಳ ಸಾಲು

ನೆರೂಳದ ನಮ್ಮ ವಸತಿ ಸಂಕೀರ್ಣದಲ್ಲಿ ಮೂರನೆಯ ತರಗತಿಯಲ್ಲಿ ಓದುವ ಬಾಲಕಿಯೊಬ್ಬಳು ಊರಿನಲ್ಲಿರುವ ತನ್ನ ಅಜ್ಜಿಗೆ ಕನ್ನಡದಲ್ಲಿ ಪತ್ರ ಬರೆದು, ತಿದ್ದಿಕೊಡುವಂತೆ ನನ್ನ ಬಳಿ ತಂದಿದ್ದಳು. ‘ನಾನು ಭಾನುವಾರ ಬೇಗ ಎದ್ದೆ ಮತ್ತು ನಾನು ಸ್ನಾನ ಮಾಡಿದೆ ಮತ್ತು ನಾನು ವಂಡರ್ಸ್ ಪಾರ್ಕಿಗೆ ಹೋದೆ ಮತ್ತು ನಾನು ಪುಟ್ಟ ರೈಲಿನಲ್ಲಿ ಕುಳಿತೆ ಮತ್ತು ಮಳೆ ಬಂತು.’ ಅಕ್ಷರಗಳು ದುಂಡಗಿದ್ದವು, ಕಾಗುಣಿತದಲ್ಲಿ ದೋಷವಿರಲಿಲ್ಲ. ಆದರೂ ಇದು ಅವಳ ಅಜ್ಜಿ ಆಡುವ ಕನ್ನಡವಲ್ಲ. ಕನ್ನಡದ ಪದಗಳನ್ನು ಆಂಗ್ಲ ವಾಕ್ಯದ ಅಚ್ಚಿಗೆ ಸುರಿದಂತಿತ್ತು.

ತಪ್ಪು ಮಗುವಿನದಲ್ಲ. ಆಂಗ್ಲ ಮಾಧ್ಯಮದ ಶಾಲೆಗಳಲ್ಲಿ ಎರಡು ವಾಕ್ಯಗಳನ್ನು ‘ಆ್ಯಂಡ್’, ‘ಬಟ್’, ‘ಆರ್’ ಎಂಬ ಪದಗಳಿಂದ ಜೋಡಿಸುವುದನ್ನು ಚಿಕ್ಕ ತರಗತಿಯಲ್ಲಿಯೇ ಕಲಿಸುತ್ತಾರೆ. ಮನೆಯಲ್ಲಿ ಕನ್ನಡ ಕಲಿಸುವ ನಾವೂ ಆ ಪಾಠವನ್ನೇ ಅನುವಾದಿಸಿ, ಆ್ಯಂಡ್ ಎಂದರೆ ‘ಮತ್ತು’, ಬಟ್ ಎಂದರೆ ‘ಆದರೆ’, ಆರ್ ಎಂದರೆ ‘ಅಥವಾ’ ಎಂದು ಹೇಳಿಕೊಟ್ಟು ಮುಗಿಸುತ್ತೇವೆ. ಶಾಲಾ ವ್ಯಾಕರಣದಲ್ಲಿ ಇವಕ್ಕೆ ಸಂಬಂಧಾರ್ಥಕಾವ್ಯಯಗಳೆಂದು ಹೆಸರು. ಇವುಗಳಿಂದ ಕೂಡಿದ್ದು ಸಂಯೋಜಿತ ವಾಕ್ಯ. ಇಷ್ಟೂ ಸರಿಯೇ. ಆದರೆ ಕನ್ನಡವು ವಾಕ್ಯಗಳನ್ನು ಕೂಡಿಸುವ ಮುಖ್ಯ ಮಾರ್ಗ ಇದಲ್ಲ.

ಹೆಸರುಗಳನ್ನು ಕೂಡಿಸುವಾಗ ಕನ್ನಡಕ್ಕೆ ಬೇರೆ ಪದವೇ ಬೇಡ. ‘ಅಕ್ಕನೂ ತಮ್ಮನೂ ಬಂದರು’ ಎಂದರೆ ಸಾಕು. ಪ್ರತಿಯೊಂದು ಹೆಸರಿಗೂ ‘ಊ’ ಅಂಟುತ್ತದೆ. ಕೇಶಿರಾಜನು 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದ ಕಾಲದ ಕನ್ನಡದಲ್ಲಿ ಇದು ‘ಉಂ’ ಎಂದಿತ್ತು. ‘ಮತ್ತು’ ಎಂಬುದು ‘ಮತ್ತೆ’ಯ ಬಳಗಕ್ಕೆ ಸೇರಿದ ಪದ. ಆಯ್ಕೆಯನ್ನು ಸೂಚಿಸುವ ‘ಅಥವಾ’ ಸಂಸ್ಕೃತದಿಂದ ಬಂದದ್ದು. ನಮ್ಮ ಮನೆಮಾತಿನಲ್ಲಿ ಅದರ ಕೆಲಸವನ್ನು ‘ಓ’ ಮಾಡುತ್ತದೆ: ‘ಚಹವೋ ಕಾಫಿಯೋ?’ ತುಳು ಮಾತನಾಡುವ ಮನೆಗಳ ಮಕ್ಕಳಿಗಂತೂ ಈ ಕ್ರಮ ಹೊಸತಲ್ಲ. ‘ಯಾನ್‌ಲಾ ಈಲಾ’ ಎನ್ನುವ ಮಗುವಿಗೆ ‘ನಾನೂ ನೀನೂ’ ಎಂಬುದನ್ನು ಕಲಿಸಲು ಅರೆಕ್ಷಣ ಸಾಕು.

(‘ಮತ್ತು’, ‘ಅಥವಾ’ಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಬ್ಯಾಂಕಿನ ಜಂಟಿ ಖಾತೆಯಲ್ಲಿ ಒಬ್ಬರ ಸಹಿ ಸಾಕೋ, ಇಬ್ಬರದೂ ಬೇಕೋ ಎಂಬುದು ಇಂತಹ ಒಂದು ಪುಟ್ಟ ಪದದ ಮೇಲೆ ನಿಂತಿರುತ್ತದೆ. ಅಲ್ಲಿ ಅವು ಬೇಕೇ ಬೇಕು.)

ಕ್ರಿಯೆಗಳನ್ನು ಕೂಡಿಸುವ ವಿಷಯಕ್ಕೆ ಬಂದರೆ, ಕನ್ನಡದ ಸೊಗಸು ಇರುವುದೇ ಅಲ್ಲಿ. ‘ಎದ್ದೆ’, ‘ಸ್ನಾನ ಮಾಡಿದೆ’, ‘ಹೋದೆ’ ಎಂಬ ಮೂರು ಪೂರ್ಣ ಕ್ರಿಯಾಪದಗಳಲ್ಲಿ ಕೊನೆಯದೊಂದನ್ನು ಉಳಿಸಿ ಉಳಿದವನ್ನು ಅಪೂರ್ಣವಾಗಿಸುತ್ತೇವೆ: ‘ಎದ್ದು, ಸ್ನಾನ ಮಾಡಿ, ಪಾರ್ಕಿಗೆ ಹೋದೆ.’ ‘ಎದ್ದು’, ‘ಮಾಡಿ’ ಎಂಬ ರೂಪಗಳಿಗೆ ಕೃದಂತಾವ್ಯಯಗಳೆಂದು ಹೆಸರು. ಕಾಲವನ್ನೂ ಕರ್ತೃವನ್ನೂ ಹೇಳುವ ಹೊಣೆ ಕೊನೆಯ ಕ್ರಿಯಾಪದದ್ದು. ‘ಎದ್ದು ಓದಿದೆ’, ‘ಎದ್ದು ಓದುತ್ತೇನೆ’, ‘ಎದ್ದು ಓದು’ – ಮೂರರಲ್ಲಿಯೂ ‘ಎದ್ದು’ ಬದಲಾಗುವುದಿಲ್ಲ. ಮಗುವಿಗೆ ಇದನ್ನು ರೈಲಿಗೆ ಹೋಲಿಸಿ ಹೇಳಬಹುದು. ಆದರೆ ಈ ರೈಲಿನಲ್ಲಿ ಎಂಜಿನ್ ಇರುವುದು ಹಿಂದೆ.

ಇದನ್ನು ಕಲಿಸಲು ಮುಂಬಯಿ ಪ್ರದೇಶದಲ್ಲಿರುವ ನಮಗೆ ಒಂದು ಅನುಕೂಲವಿದೆ. ನಮ್ಮ ಮಕ್ಕಳು ಆಟದ ಬಯಲಿನಲ್ಲಿ ಮರಾಠಿಯನ್ನೂ ಹಿಂದಿಯನ್ನೂ ಆಡುತ್ತಾರೆ. ‘ಘರೀ ಜಾಊನ್ ಜೇವಲೋ’, ‘ಘರ್ ಜಾಕರ್ ಖಾನಾ ಖಾಯಾ’ ಎನ್ನುವ ಹುಡುಗನಿಗೆ ‘ಮನೆಗೆ ಹೋಗಿ ಊಟ ಮಾಡಿದೆ’ ಎಂಬುದರ ಕಟ್ಟಡ ಆಗಲೇ ತಿಳಿದಿದೆ. ಎಂ. ಬಿ. ಎಮೆನೊ ಅವರು 1956ರಲ್ಲಿ ಭಾರತವನ್ನು ಒಂದು ಭಾಷಾವಲಯವೆಂದು ಕರೆದದ್ದು ಬೇರೆ ಬೇರೆ ಕುಲದ ಭಾಷೆಗಳ ನಡುವಣ ಇಂತಹ ಹೋಲಿಕೆಗಳನ್ನು ಕಂಡೇ. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ನಮ್ಮದೇ ರಾಜ್ಯದ ಸಾಂಗಲಿ ಜಿಲ್ಲೆಯ ಕುಪವಾಡದ ಕನ್ನಡ, ಮರಾಠಿ, ಉರ್ದುಗಳ ಕುರಿತು ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾಗಿದೆ. ಸೊಪ್ಪನ್ನು ಕೊಯ್ದು ತೆಗೆದುಕೊಂಡು ಬಂದ ಸಂಗತಿಯನ್ನು ಹೇಳುವ ವಾಕ್ಯವೊಂದನ್ನು ಅವರು ಮೂರು ಭಾಷೆಗಳಲ್ಲಿಯೂ ಕೊಡುತ್ತಾರೆ. ಪದಗಳು ಬೇರೆ, ಜೋಡಣೆಯ ಕ್ರಮ ಒಂದೇ: ಎರಡು ಅಪೂರ್ಣ ಕ್ರಿಯೆಗಳು, ಕೊನೆಗೆ ಒಂದು ಪೂರ್ಣ ಕ್ರಿಯೆ.

ಮಕ್ಕಳು ಎಡವುವುದು ರೂಪಗಳಲ್ಲಿ. ‘ಮಾಡು’ವಿನಿಂದ ‘ಮಾಡಿ’ ಆಗುವುದನ್ನು ಕಂಡು ‘ತಿನ್ನು’ವಿನಿಂದ ‘ತಿನ್ನಿ’ ಎಂದೂ, ‘ಕೊಡು’ವಿನಿಂದ ‘ಕೊಡಿ’ ಎಂದೂ ಮಾಡಿಕೊಳ್ಳುತ್ತಾರೆ. ‘ಅಪ್ಪ ದುಡ್ಡು ಕೊಡಿ ಹೋದರು’ ಎಂದರೆ ಅಜ್ಜಿ ಹಣದ ಚೀಲವನ್ನು ಹುಡುಕಿಯಾರು! ಇದಕ್ಕೊಂದು ಉಪಾಯವಿದೆ. ಮೊದಲು ಭೂತಕಾಲದ ರೂಪವನ್ನು ಹೇಳಿಸಬೇಕು: ಕೊಟ್ಟನು, ತಿಂದನು, ಬಂದನು, ಬಿದ್ದನು. ಅದರ ಬಾಲವನ್ನು ಕಳಚಿದರೆ ಕೊಟ್ಟು, ತಿಂದು, ಬಂದು, ಬಿದ್ದು ದೊರೆಯುತ್ತವೆ. ‘ಮಾಡಿದನು’ ಎಂಬುದೂ ಹೀಗೆಯೇ ‘ಮಾಡಿ’ ಆಗುತ್ತದೆ. ‘ಹೋದನು–ಹೋಗಿ’, ‘ಆದನು–ಆಗಿ’ಗಳಂತಹವನ್ನು ಬಾಯಿಪಾಠ ಮಾಡಿಸುವುದೇ ಸುಲಭ. ಇದೆಲ್ಲವೂ ಮೊದಲು ಬಾಯಿಮಾತಿನಲ್ಲಿ ನಡೆಯಬೇಕು. ತಾಯಿ ಮೂರು ಚಿಕ್ಕ ವಾಕ್ಯಗಳನ್ನು ಹೇಳಿದರೆ ಮಗು ಅವನ್ನು ಒಂದಾಗಿಸಿ ಹೇಳುವ ಆಟ ಅಡುಗೆಮನೆಯಲ್ಲಿಯೇ ಆಗುತ್ತದೆ.

ಈ ಜೋಡಣೆಗೆ ಒಂದು ಕಟ್ಟಳೆಯಿದೆ: ಸಾಮಾನ್ಯವಾಗಿ ಎಲ್ಲ ಕ್ರಿಯೆಗಳ ಕರ್ತೃ ಒಬ್ಬನೇ ಆಗಿರಬೇಕು. ‘ಅಪ್ಪ ಬಂದು ಅಮ್ಮ ಚಹ ಕೊಟ್ಟರು’ ಎಂದರೆ ಕಿವಿ ಒಪ್ಪುವುದಿಲ್ಲ. ‘ಅಪ್ಪ ಬಂದರು, ಅಮ್ಮ ಚಹ ಕೊಟ್ಟರು’ ಎಂದು ಎರಡಾಗಿಯೇ ಹೇಳಬೇಕು. ಇಲ್ಲವೇ ‘ಅಪ್ಪ ಬಂದಾಗ’ ಎನ್ನಬೇಕು. ಒಂದು ಸಂಗತಿ ಇನ್ನೊಂದಕ್ಕೆ ಕಾರಣವಾದಾಗ ಮಾತ್ರ ಭಾಷೆ ಸಡಿಲ ಬಿಡುತ್ತದೆ: ‘ಮಳೆ ಬಂದು ಆಟ ನಿಂತಿತು.’

ವಿರೋಧವನ್ನೂ ಕಾರಣವನ್ನೂ ಹೇಳಲು ‘ಆದರೆ’, ‘ಆದ್ದರಿಂದ’, ‘ಏಕೆಂದರೆ’ಗಳು ಬೇಕು. ಇವನ್ನು ಬಿಡಿಸಿ ತೋರಿಸಿದರೆ ಮಕ್ಕಳು ಖುಷಿಪಡುತ್ತಾರೆ. ‘ಏಕೆಂದರೆ’ ಎಂಬುದರಲ್ಲಿ ‘ಏಕೆ ಎಂದರೆ’ ಎಂಬ ಮಾತೇ ಅಡಗಿದೆ. ‘ಆದರೆ’ ಎಂಬುದು ‘ಮಳೆಯಾದರೆ ಬೆಳೆಯಾದೀತು’ ಎಂಬಲ್ಲಿಯ ‘ಆದರೆ’ಯೇ.

ಬಾಲಕಿಯ ಪತ್ರವನ್ನು ನಾನು ತಿದ್ದಲಿಲ್ಲ. ‘ಇದನ್ನು ಅಜ್ಜಿಗೆ ಫೋನಿನಲ್ಲಿ ಹೇಳುವುದಾದರೆ ಹೇಗೆ ಹೇಳುತ್ತೀ?’ ಎಂದಷ್ಟೇ ಕೇಳಿದೆ. ಎರಡು ದಿನ ಬಿಟ್ಟು ಹೊಸ ಪತ್ರ ಬಂತು: ‘ಭಾನುವಾರ ಬೇಗ ಎದ್ದು, ಸ್ನಾನ ಮಾಡಿ, ನಾನೂ ತಮ್ಮನೂ ವಂಡರ್ಸ್ ಪಾರ್ಕಿಗೆ ಹೋದೆವು. ಪುಟ್ಟ ರೈಲಿನಲ್ಲಿ ಕುಳಿತೆವು, ಆದರೆ ಮಳೆ ಬಂತು. ಐಸ್‌ಕ್ರೀಮ್ ತಿನ್ನಿ ಮನೆಗೆ ಬಂದೆವು.’ ‘ತಿನ್ನಿ’ಯ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದೆ. ‘ತಿಂದು, ಅಲ್ವಾ ಮಾಮ?’ ಎಂದು ಅವಳೇ ರಬ್ಬರು ತೆಗೆದಳು.