ಮೈಕಿನ ಮುಂದೆ ಕುಳಿತ ವಕೀಲ

ಯಾವ ಕ್ರೀಡಾ ವಿವರಣೆಗಾರ ನಿಮಗೆ ಅಚ್ಚುಮೆಚ್ಚು, ಯಾರನ್ನು ಕಂಡರಾಗದು ಎಂದು 1970ರ ದಶಕದಲ್ಲಿ ಅಮೆರಿಕದ ‘ಟಿವಿ ಗೈಡ್’ ಪತ್ರಿಕೆ ಓದುಗರನ್ನು ಕೇಳಿತು. ಎರಡು ಪ್ರಶ್ನೆಗೂ ಬಂದ ಉತ್ತರ ಒಂದೇ: ಹೊವರ್ಡ್ ಕೋಸೆಲ್.

1918ರಲ್ಲಿ ಯೆಹೂದಿ ಕುಟುಂಬದಲ್ಲಿ ಹುಟ್ಟಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬೆಳೆದ ಕೋಸೆಲ್ ಓದಿದ್ದು ಕಾನೂನು. ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿ ಮೇಜರ್, ಆಮೇಲೆ ವಕೀಲಿ. 1950ರ ದಶಕದಲ್ಲಿ ಎಬಿಸಿ ಸಂಸ್ಥೆಯ ರೇಡಿಯೋಗೆ ಬಂದು, ಅಲ್ಲಿಂದ ಟೀವಿಗೆ ದಾಟಿದರು. ಮೂಗಿನಿಂದ ಹೊರಡುವ ದನಿ, ತಲೆಯ ಮೇಲೆ ಕೃತಕ ಕೂದಲು, ಮಾತಿಗೊಮ್ಮೆ ನಿಘಂಟು ತೆರೆಸುವಂಥ ಪದಗಳು. ಟೀವಿಗೆ ಹೇಳಿಮಾಡಿಸಿದ ಆಸಾಮಿಯೇನಲ್ಲ.

ಅವರನ್ನು ಮನೆಮಾತಾಗಿಸಿದ್ದು ಮಹಮದ್ ಅಲಿ. ಕ್ಯಾಷಿಯಸ್ ಕ್ಲೇ 1964ರಲ್ಲಿ ಹೆಸರು ಬದಲಿಸಿಕೊಂಡಾಗ ಅನೇಕ ಪತ್ರಿಕೆಗಳು ಹಳೆಯ ಹೆಸರನ್ನೇ ಬರೆಯುತ್ತಿದ್ದವು. ಕೋಸೆಲ್ ಹೊಸ ಹೆಸರು ಹಿಡಿದೇ ಕರೆದರು. (ಅವರೂ ಕೋಹೆನ್ ಆಗಿ ಹುಟ್ಟಿ ಕೋಸೆಲ್ ಆದವರು.) ವಿಯೆಟ್ನಾಂ ಯುದ್ಧದ ವೇಳೆ, 1967ರ ಏಪ್ರಿಲ್ 28ರಂದು, ಅಲಿ ಹೂಸ್ಟನ್‌ನಲ್ಲಿ ಸೈನ್ಯಕ್ಕೆ ಸೇರಲು ನಿರಾಕರಿಸಿದರು. ನ್ಯೂಯಾರ್ಕಿನ ಬಾಕ್ಸಿಂಗ್ ಅಧಿಕಾರಿಗಳು ಅದೇ ದಿನ ಅವರ ಪರವಾನಗಿ ಅಮಾನತು ಮಾಡಿದರು; ಹೆವಿವೇಟ್ ಪಟ್ಟವೂ ಹೋಯಿತು. ಆಗಿನ್ನೂ ವಿಚಾರಣೆ ನಡೆದಿರಲಿಲ್ಲ, ತೀರ್ಪು ಬಂದಿರಲಿಲ್ಲ. ಕೋಸೆಲ್ ಒಳಗಿನ ವಕೀಲ ಎದ್ದು ಕುಳಿತದ್ದು ಇಲ್ಲೇ. ಯುದ್ಧದ ಸರಿತಪ್ಪು ಹಾಗಿರಲಿ, ಅಪರಾಧ ಸಾಬೀತಾಗುವ ಮೊದಲೇ ಒಬ್ಬನ ಅನ್ನ ಕಿತ್ತುಕೊಳ್ಳುವುದು ಸಂವಿಧಾನಕ್ಕೆ ವಿರುದ್ಧ ಎಂಬುದು ಅವರ ವಾದ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರಷ್ಟೆ. ಅವರ ಜಾತಿ ಹಿಡಿದು ಬೈದ ಪತ್ರಗಳು ಬಂದವು. ಸುಪ್ರೀಂ ಕೋರ್ಟ್ 1971ರಲ್ಲಿ 8–0 ತೀರ್ಪಿನಿಂದ ಅಲಿಯ ಶಿಕ್ಷೆ ರದ್ದುಪಡಿಸಿತು. ಅಷ್ಟರಲ್ಲಿ ರಿಂಗ್‌ನಿಂದ ಹೊರಗೆ ಮೂರೂವರೆ ವರ್ಷ ಕಳೆದುಹೋಗಿತ್ತು.

1970ರಲ್ಲಿ ಆರಂಭವಾದ ಸೋಮವಾರ ರಾತ್ರಿಯ ಫುಟ್‌ಬಾಲ್ ಪ್ರಸಾರ ಅವರ ಖ್ಯಾತಿಯನ್ನು ಇಮ್ಮಡಿಗೊಳಿಸಿತು. ಆದರೆ ತಮ್ಮನ್ನು ಬೆಳೆಸಿದ ಬಾಕ್ಸಿಂಗನ್ನೇ ಅವರು ಬಿಟ್ಟರು. 1982ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಡುಕ್ ಕೂ ಕಿಮ್ ಲಾಸ್ ವೇಗಸ್‌ನ ಸೆಣಸಿನಲ್ಲಿ ಪೆಟ್ಟು ತಿಂದು, ನಾಲ್ಕು ದಿನಗಳ ಬಳಿಕ ಸತ್ತ. ಎರಡು ವಾರವೂ ಕಳೆದಿರಲಿಲ್ಲ, ಹೂಸ್ಟನ್‌ನಲ್ಲಿ ಲ್ಯಾರಿ ಹೋಮ್ಸ್ 15 ಸುತ್ತು ರ್‍ಯಾಂಡಲ್ ಕಾಬ್ ಮುಖಕ್ಕೆ ಗುದ್ದುತ್ತಿದ್ದರೂ ರೆಫರಿ ನಿಲ್ಲಿಸಲಿಲ್ಲ. ಕೋಸೆಲ್ ಪ್ರಸಾರದಲ್ಲೇ ಸಿಡಿದೆದ್ದರು. ವೃತ್ತಿಪರ ಬಾಕ್ಸಿಂಗ್‌ಗೆ ಮತ್ತೆ ವಿವರಣೆ ಕೊಡಲಿಲ್ಲ. ಅಷ್ಟು ವರ್ಷ ಅದೇ ಆಟದಿಂದ ಉಂಡು ಈಗ ಬುದ್ಧಿ ಬಂತೇ ಎಂದು ಕೇಳುವವರಿಗೆ ಉತ್ತರ ಹೇಳುವುದು ಕಷ್ಟ.

ಮರುವರ್ಷ ನಾಲಗೆ ಅವರಿಗೇ ತಿರುಗಿಬಿತ್ತು. ಆಲ್ವಿನ್ ಗ್ಯಾರೆಟ್ ಎಂಬ ಕಪ್ಪು ಆಟಗಾರನನ್ನು ಮೆಚ್ಚುಗೆಯಿಂದಲೇ ‘ಪುಟ್ಟ ಕೋತಿ’ ಎಂದರು. ಆಕ್ಷೇಪ ಬಂದಾಗ ಅಂಥ ಮಾತೇ ಆಡಿಲ್ಲ ಎಂದರು. ಬಿಳಿಯ ಆಟಗಾರನಿಗೂ ಹಿಂದೆ ಅದೇ ಮಾತು ಬಳಸಿದ್ದುಂಟು. ಆದರೆ ಎಲ್ಲರಿಂದ ಲೆಕ್ಕ ಕೇಳುತ್ತಿದ್ದವರು ಆ ರಾತ್ರಿ ತಮ್ಮ ಲೆಕ್ಕ ಒಪ್ಪಿಸಲಿಲ್ಲ. ಆ ಋತುವಿನೊಂದಿಗೆ ಫುಟ್‌ಬಾಲ್ ಬಿಟ್ಟರು.

1985ರ ಪುಸ್ತಕದಲ್ಲಿ, ಆಡಿದ್ದೊಂದೇ ಅರ್ಹತೆಯೆಂದು ಮಾಜಿ ಆಟಗಾರರ ಕೈಗೆ ಮೈಕು ಕೊಡುವುದನ್ನು ಟೀಕಿಸಿದರು, ಸಹೋದ್ಯೋಗಿಗಳನ್ನೂ ಬಿಡಲಿಲ್ಲ. ಆ ವರ್ಷದ ಬೇಸ್‌ಬಾಲ್ ವರ್ಲ್ಡ್ ಸೀರೀಸ್ ಪ್ರಸಾರದಿಂದ ಎಬಿಸಿ ಅವರನ್ನು ಕೈಬಿಟ್ಟಿತು. ರೇಡಿಯೋದಲ್ಲಿ ಇನ್ನಷ್ಟು ವರ್ಷ ಮಾತಾಡಿ, 1995ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.