ಕನ್ನಡ ನಿಮ್ಮ ಲ್ಯಾಪ್‌ಟಾಪ್‌ ಒಳಗೇ ಇದೆ

ಪುಣೆಯ ನಮ್ಮ ಕನ್ನಡ ಬಳಗದಲ್ಲಿ ರಾಜ್ಯೋತ್ಸವ ಹತ್ತಿರ ಬಂದಾಗ ಒಂದು ಪ್ರಶ್ನೆ ತಪ್ಪದೇ ಏಳುತ್ತದೆ: ‘ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ನುಡಿ ಹಾಕಿಕೊಳ್ಳಲು ಬಿಡುವುದಿಲ್ಲ, ಕನ್ನಡ ಬರೆಯುವುದು ಹೇಗೆ?’ ಉತ್ತರ ಸಿಗದವರು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದು ಸುಮ್ಮನಾಗುತ್ತಾರೆ. ಊರಿನಲ್ಲಿರುವ ಅಮ್ಮ ಅದನ್ನು ಓದಲು ತಿಣುಕಾಡುತ್ತಾರೆ.

ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ ಹೊರತಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಾಗ, ಬೇರೆ ದಾರಿಯೇ ಇರಲಿಲ್ಲ. ಕಂಪ್ಯೂಟರಿಗೆ ಕನ್ನಡವನ್ನು ಹೊರಗಿನಿಂದಲೇ ಸೇರಿಸಬೇಕಿತ್ತು. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸುವ ಫಾಂಟ್‌ಗಳು ಬಂದದ್ದು ಹಾಗೆ. ಆ ಋಣ ದೊಡ್ಡದು. ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು.

ಈಗ ಪರಿಸ್ಥಿತಿ ಬೇರೆ. 2001ರ ವಿಂಡೋಸ್ ಎಕ್ಸ್‌ಪಿಯಿಂದಲೇ ಯುನಿಕೋಡ್ ಕನ್ನಡ ಒಳಗೆ ಬಂದಿದೆ. ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಆ್ಯಂಡ್ ಲ್ಯಾಂಗ್ವೇಜ್‌’ಗೆ ಹೋಗಿ ಭಾಷೆಗಳ ಪಟ್ಟಿಗೆ ಕನ್ನಡ ಸೇರಿಸಿದರೆ ಸಾಕು. ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುತ್ತದೆ. 2019ರ ಮೇ ಅಪ್‌ಡೇಟ್ ನಂತರ ಫೊನೆಟಿಕ್ ಕೀಬೋರ್ಡ್ ಕೂಡ ಇದೆ. ಉಚ್ಚಾರದಂತೆ ಇಂಗ್ಲಿಷ್ ಕೀಲಿ ಒತ್ತುತ್ತಾ ಹೋದರೆ ಕನ್ನಡ ಪದ ಮೂಡುತ್ತದೆ. ಕೆಲವು ಕಂಪನಿಗಳು ಇದಕ್ಕೂ ಬೀಗ ಹಾಕಿರುತ್ತವೆ. ಆಗಲೂ ಐಟಿ ವಿಭಾಗದವರನ್ನು ಒಪ್ಪಿಸುವುದು ಹೊರಗಿನ ತಂತ್ರಾಂಶಕ್ಕಿಂತ ಸುಲಭ, ಏಕೆಂದರೆ ಇನ್‌ಸ್ಟಾಲ್ ಮಾಡಲು ಹೊಸ ತಂತ್ರಾಂಶವೇ ಇಲ್ಲ.

ಜೊತೆಗೆ ಬರುವ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ನಮ್ಮಂಥ ಹೊರನಾಡಿನವರಿಗೆ ಇನ್ನೂ ಲಾಭ. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಕನ್ನಡದ ‘ಕ’ ಇರುವ ಕೀಲಿಯಲ್ಲೇ ಮರಾಠಿಯ ‘ಕ’, ತೆಲುಗಿನ ‘ಕ’ ಕೂಡ ಇವೆ. ಒಮ್ಮೆ ಬೆರಳಿಗೆ ಹತ್ತಿತೆಂದರೆ ಇಲ್ಲಿನ ಹೌಸಿಂಗ್ ಸೊಸೈಟಿಯ ಮರಾಠಿ ನೋಟಿಸನ್ನೂ ಟೈಪ್ ಮಾಡಬಹುದು.

ಹಾಗಾದರೆ ನುಡಿ, ಬರಹ ಬೇಡವೇ? ಕೆ.ಪಿ. ರಾವ್ ವಿನ್ಯಾಸಕ್ಕೆ ಕೈ ಕೂತವರಿಗೆ ಖಂಡಿತ ಬೇಕು. ವಿಂಡೋಸ್‌ನಲ್ಲಿ ಅದು ತಾನಾಗಿ ಸಿಗುವುದಿಲ್ಲ. ಲಿನಕ್ಸ್‌ನಲ್ಲಾದರೆ ‘ಕಗಪ’ ಹೆಸರಿನಲ್ಲಿ ಒಳಗೇ ಇದೆ. ಯಾವುದನ್ನೇ ಬಳಸಿ, ಔಟ್‌ಪುಟ್ ಯುನಿಕೋಡ್‌ನಲ್ಲಿರಲಿ. ಈಗ ಎರಡೂ ತಂತ್ರಾಂಶಗಳಲ್ಲಿ ಆ ಸೌಲಭ್ಯವಿದೆ.

ಇನ್ನು ಹಳೆಯ ಕಡತಗಳು. ಹೊರನಾಡಿನ ಎಷ್ಟೋ ಸಂಘಗಳ ಸ್ಮರಣ ಸಂಚಿಕೆಗಳು, ಸದಸ್ಯರ ಕತೆ ಕವಿತೆಗಳು ಆ ಕಾಲದ ಫಾಂಟ್‌ಗಳಲ್ಲೇ ಉಳಿದಿವೆ. ಹುಡುಕಿದರೆ ಸಿಗುವುದಿಲ್ಲ, ಮೊಬೈಲ್‌ನಲ್ಲಿ ಓದಲಾಗುವುದಿಲ್ಲ. ಅವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತುಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ಸಂಘದ ಹಳೆಯ ಕಂಪ್ಯೂಟರ್ ಗುಜರಿಗೆ ಹೋಗುವ ಮುನ್ನ ಈ ಕೆಲಸ ಮುಗಿಯಲಿ.